ಮಷೀನಿನ ಬೆನ್ನಿನ ಸ್ವಿಚ್ಚು

ಅಂಗಡಿಯಿಂದ,
ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮೊಂಡಿಗೆ ನಿನ್ನ ಮಾವನ ಆಶೀರ್ವಾದಗಳು.

ನಾನು ಆರಾಮ. ಮೊಣಕಾಲು ಆರಾಮವಿಲ್ಲ, ಆದರೆ ಅದು ನನ್ನ ಮಾತು ಕೇಳುವುದನ್ನು ಬಿಟ್ಟು ವರ್ಷಗಳಾದವು. ಮೊನ್ನೆ ನಿನ್ನ ಫೋನು ಬಂದಾಗ ಗಿರಾಕಿ ಇದ್ದರು, ‘ಆಯ್ತಮ್ಮ, ನೋಡೋಣ’ ಅಂದು ಇಟ್ಟುಬಿಟ್ಟೆ. ನೋಡುವುದು ಏನೂ ಇರಲಿಲ್ಲ. ಬಾಯಲ್ಲಿ ಹೇಳಲಾಗದ ಮಾತೊಂದಿತ್ತು, ಅದಕ್ಕೇ ಈ ಕಾಗದ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವನ ಅಕ್ಷರ ಎಷ್ಟು ದುಂಡಗಿದೆ ನೋಡು. ಇಡೀ ಶಾಲೆಗೆ ನನ್ನದೇ ಚೆಂದ ಅಂತ ಮೇಷ್ಟ್ರು ಹೇಳುತ್ತಿದ್ದರು. ಶಾಲೆಯಲ್ಲಿ ಹನ್ನೊಂದೇ ಮಕ್ಕಳಿದ್ದೆವು ಅನ್ನುವುದನ್ನು ನಾನು ಸಾಮಾನ್ಯವಾಗಿ ಹೇಳುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ನಾಲ್ಕು ವರ್ಷ ಒಬ್ಬಳೇ ಕೂತು ನೀನು ಮಾಡಿದ ವಿಡಿಯೋ ಗೇಮನ್ನು ಅದನ್ನು ಮಾರಿಕೊಡುತ್ತೇವೆ ಅನ್ನುವ ಆ ಕಂಪನಿಯವರು ಬಿಟ್ಟಿ ಕೊಡೋಣ ಅಂತಾರೆ. ಒಳಗೆ ಬರುವುದಕ್ಕೆ ಕಾಸಿಲ್ಲ. ಆದರೆ ಆಟದೊಳಗಿನ ಆರನೆಯ ಬಾಗಿಲಲ್ಲಿ ಆಡುವವರನ್ನು ಬೇಕಂತಲೇ ಸೋಲಿಸಿ, ಇನ್ನೊಂದು ಜೀವ ಬೇಕಾದರೆ ಕಾಸು ಬಿಚ್ಚು ಅನ್ನುವುದು. ಶುಕ್ರವಾರದೊಳಗೆ ನೀನು ಸಹಿ ಹಾಕಬೇಕು. ಹಾಕಬೇಡ.

ಆಟದ ಬೆಲೆಯನ್ನು ನನ್ನಷ್ಟು ಹತ್ತಿರದಿಂದ ಕಂಡವನು ಈ ಊರಲ್ಲಿ ಇನ್ನೊಬ್ಬ ಇದ್ದರೆ ಕರೆದುಕೊಂಡು ಬಾ. ನಾನು ಈ ವಿಡಿಯೋ ಗೇಮ್ ಅಂಗಡಿ ತೆರೆದಾಗ ಮಷೀನಿನಲ್ಲಿ ಒಂದು ಆಟಕ್ಕೆ ಒಂದು ನಾಣ್ಯ. ಮಕ್ಕಳ ಅಂಗೈ ಬೆವರಿಗೆ ನಾಣ್ಯ ಜಾರಿ ಮಷೀನಿನ ಅಡಿಗೆ ಹೋಗುತ್ತಿತ್ತು, ನಾನು ಪೊರಕೆ ಕಡ್ಡಿಯಿಂದ ಎಳೆದು ಕೊಡುತ್ತಿದ್ದೆ. ಆಮೇಲೆ ಮನೆಯ ಟೀವಿಗೆ ಸಿಕ್ಕಿಸುವ ಕ್ಯಾಸೆಟ್ಟು ಬಂತು. ಒಂದೊಂದಕ್ಕೆ ಈ ಅಂಗಡಿಯ ಅರ್ಧ ತಿಂಗಳ ಬಾಡಿಗೆ. ಒಬ್ಬ ಪೋಸ್ಟ್‌ಮ್ಯಾನು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ‘ಒಳಗೆ ಚಿನ್ನ ಗಿನ್ನ ಇಟ್ಟಿದ್ದೀಯೇನಪ್ಪ’ ಅಂದ. ಆದರೂ ಕೊಂಡ. ಅವನ ಮೂವರು ಮಕ್ಕಳು ಎರಡು ವರ್ಷ ಅದೊಂದನ್ನೇ ಆಡಿದರು. ಆಮೇಲೆ ಡಿಸ್ಕು ಬಂತು, ಬೆಲೆ ಇಳಿಯಿತು. ಅದರ ಹಿಂದೆಯೇ ಫುಟ್‌ಪಾತಿನ ಕಳ್ಳ ಡಿಸ್ಕು ಬಂತು, ನೋಟ್‌ಬುಕ್ಕಿಗಿಂತ ಅಗ್ಗ. ಈಗ ಡಬ್ಬಿಯೂ ಇಲ್ಲ, ಡಿಸ್ಕೂ ಇಲ್ಲ. ದೊಡ್ಡ ಆಟಗಳಿಗೆ ಈಗಲೂ ಆ ಹಳೆಯ ಕ್ಯಾಸೆಟ್ಟಿನ ಆಸುಪಾಸಿನ ಅಂಕಿಯನ್ನೇ ಬರೆದಿರುತ್ತಾರೆ. ಅಷ್ಟರಲ್ಲಿ ನನ್ನ ಅಂಗಡಿಯ ಬಾಡಿಗೆ ಎಂಟು ಪಟ್ಟಾಗಿದೆ. ಲೆಕ್ಕ ಹಾಕಿದರೆ ಆಟ ಅಗ್ಗವಾಗಿದೆ, ಗೊಣಗಾಟ ಮಾತ್ರ ದುಬಾರಿಯಾಗಿದೆ.

ಇವೆಲ್ಲಕ್ಕಿಂತ ದುಬಾರಿ ಯಾವುದು ಗೊತ್ತೇ? ಬಿಟ್ಟಿ ಆಟ. ಎದುರಿನ ಕ್ಷೌರದಂಗಡಿಯವನು ಫೋನಿನಲ್ಲಿ ಹಣ್ಣು ಜೋಡಿಸುವ ಆಟ ಆಡುತ್ತಾನೆ. ಎಷ್ಟು ಸುರಿದೆಯಪ್ಪ ಅಂದರೆ, ‘ಅಯ್ಯೋ ಬಿಟ್ಟಿ ಕಣಣ್ಣ, ಎಲ್ಲೋ ಚೂರು ಪಾರು ಹಾಕ್ತೀನಿ ಅಷ್ಟೆ’ ಅಂದ. ಆ ಚೂರು ಪಾರನ್ನೆಲ್ಲ ಅವನ ಹೆಂಡತಿ ಒಂದು ದಿನ ಕೂತು ಕೂಡಿಸಿದಳು. ಈಗ ಫೋನು ಅವಳ ಬ್ಯಾಗಿನಲ್ಲಿರುತ್ತದೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಕಂಪನಿಯಲ್ಲ, ನೀನು ಕೊನೆಗೆ ಅಂದ ಮಾತು. ‘ನಾನು ಮಾಡಿದ್ದಕ್ಕೆ ಯಾರು ಮಾವ ದುಡ್ಡು ಕೊಡ್ತಾರೆ? ನನ್ನ ಜೀವನದ ಮೊದಲನೇ ಆಟಾನೇ ನೀನು ಗೆಲ್ಲಿಸಿದ್ದು’ ಅಂದೆ. ಅಂದು ನಕ್ಕೆ ಕೂಡ.

ಮೂಲೆಯಲ್ಲಿ ‘ಕೆಟ್ಟಿದೆ’ ಅಂತ ಚೀಟಿ ಅಂಟಿಸಿಕೊಂಡು ನಿಂತಿರುವ ರಾಕೆಟ್ ಮಷೀನು ನಿನಗೆ ನೆನಪಿದೆ. ನಿನಗಾಗ ಒಂಬತ್ತು ವರ್ಷ. ಇಡೀ ರಜೆ ಅಕ್ಕ ನಿನ್ನ ಕೈಗೆ ದಿನಕ್ಕೊಂದು ನಾಣ್ಯ ಕೊಟ್ಟು ಕಳಿಸುವಳು. ಅಂಗಡಿ ಅಂದ ಮೇಲೆ ಅಕ್ಕನ ಮಗಳಿಗೂ ಪುಕ್ಕಟೆ ಇಲ್ಲ ಅನ್ನುವ ಶಿಸ್ತಿನವನು ನಾನು. ನೀನು ಸ್ಟೂಲಿನ ಮೇಲೆ ಹತ್ತಿ ನಿಂತು, ದಿನಾ ಸೋತು, ದಿನಾ ಮೂತಿ ಊದಿಸಿಕೊಂಡು ಹೋಗಿ, ಮಾರನೆಯ ದಿನ ಮತ್ತೆ ಬರುತ್ತಿದ್ದೆ. ‘ಮೊಂಡಿ’ ಅಂತ ನಾನು ಹೆಸರಿಟ್ಟದ್ದೇ ಆಗ. ರಜೆ ಮುಗಿಯುವ ಹಿಂದಿನ ದಿನ ನೀನು ಗೆದ್ದೆ. ಆಮೇಲೆ ಮನೆಯಲ್ಲಿ ನಾಲ್ಕು ಜನ ಸೇರಿದಾಗಲೆಲ್ಲ ನಾನು ಮೀಸೆ ತಿರುವಿ ಹೇಳುತ್ತಿದ್ದೆ: ಮಗು ಅಳುವುದನ್ನು ನೋಡಲಾರದೆ ಮಷೀನಿನ ಬೆನ್ನಿನ ಬಾಗಿಲು ತೆಗೆದು, ಆಟ ಎಷ್ಟು ಕಷ್ಟ ಅನ್ನುವುದನ್ನು ಬದಲಿಸುವ ಸ್ವಿಚ್ಚನ್ನು ಸುಲಭದ ಕಡೆಗೆ ತಳ್ಳಿದೆ ಅಂತ. ಎಂಥ ಮಾವ ಅಂದರು ಎಲ್ಲರೂ. ನಿನ್ನ ಮುಖ ಹೇಗಿತ್ತೋ ನಾನು ನೋಡಲಿಲ್ಲ. ಆ ಸ್ವಿಚ್ಚಿನ ಬಗ್ಗೆ ಕೊನೆಯಲ್ಲಿ ಬರೆಯುತ್ತೇನೆ, ಮೊದಲು ಸ್ವಲ್ಪ ಧೈರ್ಯ ಬರಲಿ.

ಈಗ ಮಾಡಬೇಕಾದ್ದು ಇಷ್ಟೆ. ಬಾಗಿಲಲ್ಲಿ ಒಂದು ಸಲ ಬೆಲೆ ಹೇಳು. ಒಳಗೆ ಬಂದವರ ಮುಂದೆ ಮತ್ತೆ ಕೈ ಚಾಚಬೇಡ. ಕೊಳ್ಳುವವರು ನೂರೇ ಜನ ಇರಲಿ, ಅವರು ಆರನೆಯ ಬಾಗಿಲನ್ನು ತಮ್ಮ ಕೈಯಿಂದ ದಾಟಲಿ. ನಾನು ಬೋರ್ಡು ಬರೆಯುವವನಿಗೆ ಹೇಳಿ ನಿನ್ನ ಆಟದ ಹೆಸರು ಬರೆಸಿ ಅಂಗಡಿಯ ಮುಂದೆ ಈಗಾಗಲೇ ತೂಗುಹಾಕಿದ್ದೇನೆ. ಬೆಲೆಯ ಜಾಗ ಖಾಲಿ ಇದೆ. ಗುರುವಾರ ಸಂಜೆಯೊಳಗೆ ಅಂಕಿ ಕಳಿಸು. ಸೊನ್ನೆ ಕಳಿಸಿದರೆ ಬರೆಸುವುದಿಲ್ಲ, ಹಟಕ್ಕೆ ಬಿದ್ದರೆ ನಾನೂ ನಿನ್ನ ಮಾವನೇ.

ಊರಿನ ಮೊದಲನೆಯ ಮತ್ತು ಈಗ ಕೊನೆಯ ವಿಡಿಯೋ ಗೇಮ್ ಅಂಗಡಿಯ ಮಾಲೀಕ,
ನಿನ್ನ ಮಾವ

ತಾ.ಕ.: ನಾನು ಸ್ವಿಚ್ಚನ್ನು ಸುಲಭ ಮಾಡಲೇ ಇಲ್ಲ. ಕ್ಯಾಸೆಟ್ಟು ಬಂದು ಗಿರಾಕಿ ಕಮ್ಮಿಯಾದ ವರ್ಷ ಅದು. ಮಕ್ಕಳು ಬೇಗ ಸೋತರೆ ನಾಣ್ಯ ಬೇಗ ಬೀಳುತ್ತದೆ ಅಂತ ರಜೆಯ ಮೊದಲ ದಿನವೇ ಅದನ್ನು ಅತಿ ಕಷ್ಟದ ತುದಿಗೆ ತಳ್ಳಿದ್ದೆ. ಕಂಪನಿಯವರು ಈಗ ಕೇಳುತ್ತಿರುವುದನ್ನೇ ನಾನು ಆಗ ಮಾಡಿದ್ದೆ. ಆ ರಜೆಯಲ್ಲಿ ಗೆದ್ದವಳು ನೀನೊಬ್ಬಳೇ. ನಿಜ ಹೇಳಿದ್ದರೆ ನನ್ನ ಕಳ್ಳತನ ಬಯಲಾಗುತ್ತಿತ್ತು, ಅದಕ್ಕೇ ನಿನ್ನ ಗೆಲುವನ್ನು ನನ್ನದು ಮಾಡಿಕೊಂಡೆ. ಅವತ್ತು ಸಂಜೆಯೇ ನಾಚಿಕೆಯಾಗಿ ಆ ಚೀಟಿ ಅಂಟಿಸಿದ್ದು. ಮಷೀನು ಕೆಟ್ಟಿಲ್ಲ. ಬೆನ್ನಿನ ಬಾಗಿಲ ಬೀಗದ ಕೈ ಈ ಲಕೋಟೆಯಲ್ಲಿದೆ, ಬಂದು ನೀನೇ ತೆಗೆದು ನೋಡು. ಸ್ವಿಚ್ಚು ಅವತ್ತು ಇದ್ದ ಕಡೆಯೇ ಇದೆ.