ಆಯಿಯ ಕೊನೆಯ ಕೌದಿ

ಕಾಗವಾಡ
ಜನವರಿ ೧೯೮೮

ಚಿರಂಜೀವಿ ಮುರಗೆಪ್ಪನಿಗೆ ಅಕ್ಕ ಗೌರಾಬಾಯಿಯ ಆಶೀರ್ವಾದ.

ಕೂಸು ಹಾಲು ಕುಡಿಯುತ್ತಿಲ್ಲ ಎಂದು ನೀನು ನಿಪ್ಪಾಣಿಯಿಂದ ಬರೆದ ಪತ್ರ ನಿನ್ನೆ ಬಂತು. ಡಾಕ್ಟರರಿಗೆ ತೋರಿಸು. ಅದಕ್ಕೂ ಮೊದಲು ಅದರ ಮೇಲಿನ ಕೌದಿ ತೆಗೆ.

ನಮ್ಮ ಅಪ್ಪನನ್ನು ಹೆತ್ತ ಆಯಿ ಸೊಸೆಯಾಗಿ ಬಂದಾಗಿನಿಂದ ಈ ಮನೆಯ ಪ್ರತಿ ಕೂಸಿಗೂ ಕೌದಿ ಹೊಲಿದವಳು. ಮುತ್ಯಾನ ರುಮಾಲು, ಅವ್ವನ ಮದುವೆಯ ಸೀರೆ, ನಿನ್ನ ಸಾಲಿಯ ಅಂಗಿ, ಯಾವುದನ್ನೂ ಎಸೆಯಲಿಲ್ಲ. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ರೊಟ್ಟಿಯ ಚೂರಿಟ್ಟು ಕೌದಿಯ ಹೊಟ್ಟೆ ತುಂಬಿಸುತ್ತಿದ್ದಳು. "ಹಸಿದ ಕೌದಿ ಕೂಸಿಗೆ ಹೊಚ್ಚಬ್ಯಾಡ್ರಿ, ಕೂಸಿನ ತುತ್ತು ತಾನ ತಿಂತೈತಿ" ಎನ್ನುತ್ತಿದ್ದಳು. ನಿನ್ನ ಮಗಳ ಕೌದಿಯಲ್ಲಿ ಆ ಒಂದು ಮೂಲೆ ಉಳಿದಿರುವಾಗಲೇ ತೀರಿಕೊಂಡಳು. ಆಯಿಯ ದಿನಕರ್ಮ ಮುಗಿಸಿ ನೀನು ಹೊರಟಾಗ ಚಿಕ್ಕಪ್ಪನ ಹೆಂಡತಿ ಕಾಕು, "ಬಸ್ ತಪ್ಪತೈತಿ ತಮ್ಮಾ" ಎನ್ನುತ್ತ ರೊಟ್ಟಿಯ ಚೂರಿಡದೆ ಕೆಂಪು ದಾರದಿಂದ ಅದನ್ನು ಮುಚ್ಚಿ ಕೊಟ್ಟಳು.

ಮೂಲೆ ಬಿಚ್ಚಿ, ರೊಟ್ಟಿಯ ಚೂರಿಟ್ಟು ಹೊಲಿಯಲು ನಿನ್ನ ಹೆಂಡತಿಗೆ ಹೇಳು.

ಇನ್ನೊಂದು ಮಾತು. ಇಂದು ಬೆಳಿಗ್ಗೆ ಮೊದಲ ರೊಟ್ಟಿ ಬುಟ್ಟಿಗೆ ಹಾಕಿ ಒಲೆಯ ಕಡೆ ತಿರುಗಿದೆ. ಮತ್ತೆ ನೋಡುವಷ್ಟರಲ್ಲಿ ಅದರ ಒಂದು ಚೂರು ಇರಲಿಲ್ಲ. ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದೆ. ಗೋಡೆಯ ಗೂಡಿನಲ್ಲಿದ್ದ ಆಯಿಯ ಸೂಜಿಯೂ ಕಾಣುತ್ತಿಲ್ಲ.

ಆದ್ದರಿಂದ ಮೊದಲು ಆ ಮೂಲೆ ನೋಡು. ದಾರ ಕೆಂಪಗಿದ್ದರೆ ಬಿಚ್ಚು. ಆಯಿಯ ಎಡಗೈಯ ಓರೆ ಹೊಲಿಗೆ, ಬಿಳಿ ದಾರ ಕಂಡರೆ ಬಿಚ್ಚಬೇಡ. ಕೂಸಿಗೆ ಮತ್ತೆ ಹೊದಿಸು. ಹೊದಿಸುವ ಮೊದಲು ಮೂಲೆಯನ್ನು ಮುಟ್ಟಿ ನೋಡಿ, ಇನ್ನೂ ಬಿಸಿಯಿದೆಯೇ ಎಂದು ನನಗೆ ಬರೆ.

ನಿನ್ನ ಅಕ್ಕ,
ಗೌರಾಬಾಯಿ