ಪರದೆಯ ಮೂಲೆಗೆ ಅಂಟಿಸಿದ ಪಟ್ಟಿ

ಮಂಗಳವಾರ, ಮಧ್ಯಾಹ್ನ

ನನ್ನ ಜಗಳಗಂಟಿ ಪುಟ್ಟಿಗೆ ಅಕ್ಕನ ಅಕ್ಕರೆಗಳು. ಮುಖ ಸಿಂಡರಿಸದೆ ಕೊನೆತನಕ ಓದು.

ನೀನು ಫೋನು ಎತ್ತುತ್ತಿಲ್ಲ. ನಮ್ಮ ಡಯಾಲಿಸಿಸ್ ವಿಭಾಗದ ಕಂಪ್ಯೂಟರಿಗೆ ನಿನ್ನೆ ಬೆಳಿಗ್ಗೆ ಯಾರೋ ಕಳ್ಳರು ನುಗ್ಗಿ, ನಲವತ್ತೊಂದು ರೋಗಿಗಳ ಕಡತಗಳಿಗೂ ಬೀಗ ಜಡಿದಿದ್ದಾರೆ. ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕು, ಯಾರಿಗೆ ಯಾವ ಔಷಧಿ ಆಗದು, ಒಂದೂ ಕಾಣುವುದಿಲ್ಲ. ನೆನಪಿನ ಮೇಲೆ ಕೆಲಸ ನಡೆಸುತ್ತಿದ್ದೇನೆ ಕಣೇ. ರೋಗಿಗಳಲ್ಲಿ ಒಬ್ಬರು, ನಿವೃತ್ತ ಮೇಷ್ಟ್ರು, ಮಾತ್ರ, ನನ್ ತೂಕ ನಂಗೆ ಬಾಯಿಪಾಠ ಸಿಸ್ಟರ್, ನೀವು ಬರ್ಕೊಳ್ಳಿ ಸಾಕು ಅಂತ ನಗಿಸಿದರು.

ನಾಳೆ ಹತ್ತಕ್ಕೆ ದೊಡ್ಡ ಡಾಕ್ಟರು ನಿನ್ನನ್ನು ಕರೆಸಿದ್ದಾರೆ. ಅಪ್‌ಡೇಟ್ ಹಾಕದೆ ಬಿಟ್ಟವಳು ನೀನೇ ಎಂದು ಅವರ ತಲೆಯಲ್ಲಿ ಕೂತಿದೆ. ಇಲ್ಲಿನ ಕಂಪ್ಯೂಟರ್ ಕೆಲಸದಿಂದ ನಿನ್ನನ್ನು ತೆಗೆದರೆ ಬೇರೆ ಯಾವ ಆಸ್ಪತ್ರೆಯೂ ಹತ್ತಿರ ಸೇರಿಸದು.

ಬಿಟ್ಟವಳು ನಾನು, ಪುಟ್ಟಿ. ಹೋದ ವರ್ಷ ಆರು ಜನ ಮಷೀನಿಗೆ ಹಾಕಿಸಿಕೊಂಡು ಮಲಗಿದ್ದಾಗ ಕಂಪ್ಯೂಟರು ತಾನಾಗಿ ಆರಿ, ಅಪ್‌ಡೇಟ್ ಎನ್ನುತ್ತಾ ಇಪ್ಪತ್ತು ನಿಮಿಷ ಬರೀ ಚಕ್ರ ತಿರುಗಿಸಿತಲ್ಲ, ನನ್ನ ಜೀವ ಬಾಯಿಗೆ ಬಂದಿತ್ತು. ನಾನು ಕೂಗಾಡಿದಾಗ ನೀನು ಸಮಾಧಾನವಾಗಿಯೇ ಹೇಳಿದೆ: ಇನ್ಮೇಲೆ ಅದು ತಾನಾಗಿ ಶುರುವಾಗದ ಹಾಗೆ ಮಾಡಿದೀನಿ; ಹೊಸ ಅಲಂಕಾರ ಎಲ್ಲ ತಡವಾದ್ರೂ ಪರವಾಗಿಲ್ಲ, ರಕ್ಷಣೆದು ಮಾತ್ರ ಬಿಡ್ಬೇಡ; ಹಾಸಿಗೆ ಖಾಲಿ ಇರೋ ಭಾನುವಾರ ನೀನೇ ಗುಂಡಿ ಒತ್ತು; ಚಿಲಕ ಮುರಿದಿದೆ ಅಂತ ಕಂಪನಿಯೋರೇ ಸಾರಿದ್ಮೇಲೆ ಕಳ್ಳರಿಗೂ ಗೊತ್ತಾಗುತ್ತೆ ಅಕ್ಕಾ, ಅಂತ.

ಒಂದು ಭಾನುವಾರವೂ ಒತ್ತಲಿಲ್ಲ. ಪರದೆಯ ಮೂಲೆಯಲ್ಲಿ ಎಚ್ಚರಿಕೆ ಇಣುಕಿದರೆ, ಸೂಜಿ ಜಾರದಂತೆ ಹಾಕುವ ಬಿಳಿ ಪಟ್ಟಿಯನ್ನೇ ಅದರ ಮೇಲೆ ಅಂಟಿಸಿದೆ. ನೀನು ಬರುವ ದಿನ ಕಿತ್ತು, ಆ ಎಚ್ಚರಿಕೆಯನ್ನೂ ಮುಚ್ಚಿಬಿಡುತ್ತಿದ್ದೆ. ಪ್ರತಿ ಸೋಮವಾರ ನೀನು ಕೇಳಿದಾಗಲೂ, ಹಾಕಾಯ್ತು ಕಣೇ, ತಲೆ ತಿನ್ಬೇಡ ಅಂದೆ. ಮುಟ್ಟಿದರೆ ಮತ್ತೆ ಆರೀತೆಂಬ ಭಯ. ಜೊತೆಗೆ, ನಾನು ಜಡೆ ಹೆಣೆದು ಬೆಳೆಸಿದವಳು ನನಗೇ ಪಾಠ ಹೇಳುತ್ತಾಳೆಂಬ ಹಮ್ಮು. ಬರೆಯಲು ನಾಚಿಕೆಯಾಗುತ್ತಿದೆ.

ನಾಳೆ ಅವರೆದುರು ತಲೆ ತಗ್ಗಿಸಬೇಡ. ಈ ಪತ್ರ ತೋರಿಸು.

ನಿನ್ನ ತಪ್ಪಿತಸ್ಥೆ,
ಅಕ್ಕ

ಮತ್ತೆ: ಡಾಕ್ಟರ ತಲೆಯಲ್ಲಿ ಅದು ತಾನಾಗಿ ಕೂತದ್ದಲ್ಲ. ನಿನ್ನೆ ಎಲ್ಲರೆದುರು, ಇದ್ಯಾರ ಕೆಲಸ ಅಂತ ಕೇಳಿದಾಗ ನಿನ್ನ ಹೆಸರು ಹೇಳಿದವಳು ನಾನೇ. ಪತ್ರ ಕೊಟ್ಟು ನಿನ್ನನ್ನು ಮುಂದೆ ತಳ್ಳುವುದೂ ಹೇಡಿತನ ಅನ್ನಿಸಿ, ನಾನೇ ಒಪ್ಪಿಕೊಳ್ಳಲು ಬಂದು ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಇಷ್ಟನ್ನು ಸೇರಿಸಿದೆ. ಒಳಗೆ ಕರೆದರು. ಹೋಗುತ್ತೇನೆ.