ಕೆಂಪು ದಾರದ ಭೂತಗನ್ನಡಿ

ಮೂಕಾಂಬಿಕಾ ಟೀಚರ್,

ಇವತ್ತು ಲಾಯಿಲದಲ್ಲಿ ನಿಮ್ಮ ನುಡಿನಮನ ಸಭೆ ಇತ್ತು. ನನಗೆ ದುಃಖಕ್ಕಿಂತ ಮೊದಲು ನಿಮ್ಮ ಮೇಲೆ ಸಿಟ್ಟು ಬಂತು.

ಕಪ್ಪೆ ಸಾವಿರಾರು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ, ಆನೆ ಒಂದೇ ಮರಿ ಹೆತ್ತು ವರ್ಷಗಟ್ಟಲೆ ಕಾಯುತ್ತದೆ ಎಂದು ನೀವು ಪಾಠ ಮಾಡಿದ ದಿನವೇ, ಕೆಂಪು ದಾರ ಕಟ್ಟಿದ ಭೂತಗನ್ನಡಿಯೊಂದನ್ನು ನನ್ನ ಕೈಗಿಟ್ಟು, "ಯಾರಿಗೂ ಹೇಳ್ಬೇಡ ಆಯ್ತಾ" ಎಂದಿದ್ದಿರಿ. ಇಪ್ಪತ್ತು ವರ್ಷ ನಾನು ಆನೆಮರಿಯ ಗತ್ತಿನಲ್ಲೇ ಬದುಕಿದೆ.

ಇವತ್ತು ಮಾತಾಡಲು ನಿಂತ ನಿಮ್ಮ ಹಳೆ ವಿದ್ಯಾರ್ಥಿ ರೋಹಿತ್ ಜೇಬಿನಿಂದ ಅಂಥದ್ದೇ ಒಂದನ್ನು ತೆಗೆದು ತೋರಿಸಿದ. "ಅಯ್ಯೋ, ನನ್ನಲ್ಲೂ ಉಂಟು!" ಎಂದು ಶುಭಶ್ರೀ ಎಂಬ ಹುಡುಗಿ ಎದ್ದಳು. ನೋಡುತ್ತಿದ್ದಂತೆ ಹನ್ನೊಂದು ಕೈ ಮೇಲೆದ್ದವು, ಎಲ್ಲದರಲ್ಲೂ ಕೆಂಪು ದಾರ. ಅವರೆಲ್ಲ ನಕ್ಕರು, ಅತ್ತರು. ನಾನು ಮಾತ್ರ ನನ್ನದನ್ನು ಬ್ಯಾಗಿನಿಂದ ತೆಗೆಯಲಿಲ್ಲ. ನೀವು ಬರೀ ಕಪ್ಪೆ ಎಂದುಕೊಂಡೆ.

ಊಟಕ್ಕೆ ಕೂತಾಗ ಶುಭಶ್ರೀ ಪಕ್ಕಕ್ಕೆ ಬಂದಳು. "ಎರಡು ತಿಂಗಳು ನಾವು ಹನ್ನೊಂದು ಜನ ಸರದಿಯಲ್ಲಿ ಟೀಚರ ಹತ್ತಿರ ಕೂತದ್ದು ಅಕ್ಕ. ನಿಮ್ಮನ್ನು ಆಸ್ಪತ್ರೆಯಲ್ಲಿ ಕಾಣಲೇ ಇಲ್ಲವಲ್ಲ?"

ಯಾವ ಆಸ್ಪತ್ರೆ ಎಂದು ನಾನು ಅವಳನ್ನೇ ಕೇಳಬೇಕಾಯಿತು.